ನೀರಿನಿಂದ ತಂಪಾಗುವ ಕಂಪ್ಯೂಟರ್: ನೀರಿನ ಉಷ್ಣತೆ ಕುರಿತು ಸೂಚನೆ

ಹಾಸನದ ನಮ್ಮ ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ.

ಪರದೆಯಲ್ಲಿ ಪ್ರೊಸೆಸರ್ 75 ಡಿಗ್ರಿ ಸೆಲ್ಸಿಯಸ್ ತೋರಿಸಿದೆಯೆಂದು ಕೊಳವೆಯ ನೀರೂ ಅಷ್ಟೇ ಕಾದಿದೆ ಎಂದು ಗಾಬರಿಯಾಗಬೇಡಿ. ಅವೆರಡರ ಲೆಕ್ಕ ಬೇರೆ. ನೀರಿನ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರ್, ಕೋಣೆಯ ಗಾಳಿಗಿಂತ ನೀರನ್ನು ಹೆಚ್ಚು ತಂಪು ಮಾಡಲಾರದು, ಆದ್ದರಿಂದ ಏಪ್ರಿಲ್ ಮಧ್ಯಾಹ್ನ ಕೋಣೆಯೇ 32 ಡಿಗ್ರಿ ಇರುವಾಗ, ಭಾರೀ ಕೆಲಸದಲ್ಲಿ ನೀರು 42ರಿಂದ 45ಕ್ಕೆ ಏರುವುದು ಸಹಜ. 50 ದಾಟಿದರೆ ಮಾತ್ರ ಕೆಲಸ ನಿಲ್ಲಿಸಿ ಪರೀಕ್ಷಿಸಿರಿ, ಏಕೆಂದರೆ ಸಾಮಾನ್ಯ ಬಳಕೆಯ ಅನೇಕ ಪಂಪುಗಳಿಗೆ 60 ಡಿಗ್ರಿಯೇ ಮಿತಿ; ಅತಿಯಾಗಿ ಕಾದರೆ ಪ್ಲಾಸ್ಟಿಕ್ ಕೊಳವೆಗಳೂ ಮೆತ್ತಗಾಗಿ ಜೋಡಣೆಯ ಬಳಿ ಸೋರಬಹುದು. ನನ್ನ ಯಂತ್ರದಲ್ಲಿ ಒಮ್ಮೆ 51 ಕಂಡಾಗ ತಪ್ಪು ಪಂಪಿನದಾಗಿರಲಿಲ್ಲ, ರೇಡಿಯೇಟರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿದ್ದ ಧೂಳಿನದಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ ಮೇಲೆ 44ಕ್ಕೆ ಇಳಿಯಿತು. ಫ್ಯಾನುಗಳ ವೇಗವನ್ನು ನೀರಿನ ಉಷ್ಣತೆ ಅಳೆಯುವ ಸೆನ್ಸರಿಗೆ ಹೊಂದಿಸಿಕೊಂಡರೆ ಸದ್ದೂ ಕಡಿಮೆಯಾಗುತ್ತದೆ.