ಘೋಷಿತ ಮೈಲೇಜ್ ಮತ್ತು ರಸ್ತೆಯ ವಾಸ್ತವ

ಮಾನ್ಯ ಸಂಪಾದಕರೇ,

ಒಂದು ಲೀಟರ್ ಗಾತ್ರದ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಪೆಟ್ರೋಲ್ ಎಂಜಿನ್‌ನ ಸಣ್ಣ ಕಾರೊಂದನ್ನು, ಅದರ ಚುರುಕಿಗೆ ಮನಸೋತು, ಎರಡು ವರ್ಷಗಳ ಹಿಂದೆ ಕೊಂಡೆ. ಪ್ರತಿ ಬಾರಿಯೂ ಟ್ಯಾಂಕ್ ಭರ್ತಿ ಮಾಡಿಸಿ ಲೆಕ್ಕ ಬರೆದಿಟ್ಟಿದ್ದೇನೆ. ಲೀಟರಿಗೆ 20 ಕಿ.ಮೀ. ಎಂದು ಘೋಷಿಸಲಾದ ಈ ಕಾರು ಬೆಂಗಳೂರಿನ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ 11ನ್ನು ದಾಟಿದ್ದು ಅಪರೂಪ. ಮೈಸೂರು ಹೆದ್ದಾರಿಯಲ್ಲಿ 80ರ ವೇಗ ಮೀರದೆ ಓಡಿಸಿದಾಗ ಮಾತ್ರ 18 ಸಿಕ್ಕಿದೆ. (ಡ್ಯಾಶ್‌ಬೋರ್ಡಿನ ಪರದೆ ಇನ್ನೂ ಒಂದು ಕಿ.ಮೀ. ಹೆಚ್ಚಾಗಿಯೇ ತೋರಿಸುತ್ತದೆ, ಅದನ್ನು ನಂಬುವುದನ್ನು ಬಿಟ್ಟಿದ್ದೇನೆ.)

ಇದನ್ನು ಮೋಸವೆನ್ನಲಾರೆ. ಘೋಷಿತ ಅಂಕಿ ಪ್ರಯೋಗಾಲಯದ ರೋಲರ್‌ಗಳ ಮೇಲೆ, ಎಸಿ ಆರಿಸಿ, ಸುಮಾರು 20 ನಿಮಿಷ, ಗಂಟೆಗೆ 90 ಕಿ.ಮೀ. ಮೀರದಂತೆ ನಡೆಸುವ ಪರೀಕ್ಷೆಯಿಂದ ಬಂದದ್ದು. ಅಲ್ಲಿ ವೇಗ ನಿಧಾನವಾಗಿ ಏರುವುದರಿಂದ ಟರ್ಬೊಗೆ ಹೆಚ್ಚು ಕೆಲಸವೇ ಬೀಳುವುದಿಲ್ಲ. ನಾವಾದರೋ ಸಿಗ್ನಲ್ ಬಿಟ್ಟೊಡನೆ ಆಕ್ಸಿಲರೇಟರ್ ಒತ್ತುತ್ತೇವೆ, ಟರ್ಬೊ ಹೆಚ್ಚು ಗಾಳಿಯನ್ನು ಒಳತಳ್ಳುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲೂ ಉರಿಯುತ್ತದೆ. ಜೊತೆಗೆ, ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಇಂಧನ. ಲೀಟರ್ ಎಥೆನಾಲ್‌ನ ಶಕ್ತಿ ಲೀಟರ್ ಪೆಟ್ರೋಲ್‌ನದಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ.

ಯುರೋಪ್ 2017ರಲ್ಲಿಯೇ ಇಂಥದ್ದೇ ಹಳೆಯ ಪರೀಕ್ಷೆಯನ್ನು ಕೈಬಿಟ್ಟು, 30 ನಿಮಿಷಗಳ, ಗಂಟೆಗೆ 131 ಕಿ.ಮೀ. ವೇಗದವರೆಗಿನ, ರಸ್ತೆಯ ವಾಸ್ತವಕ್ಕೆ ಹೆಚ್ಚು ಹತ್ತಿರವಾದ ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷೆಗೆ ಹೊರಳಿತು. ನಮ್ಮಲ್ಲಿಯೂ ನಗರ ಮತ್ತು ಹೆದ್ದಾರಿಯ ಅಂಕಿಗಳನ್ನು ಪ್ರತ್ಯೇಕವಾಗಿ, ಎಸಿ ಹಾಕಿದಾಗಿನ ಅಂಕಿಯೊಂದಿಗೆ, ಷೋರೂಮ್‌ನಲ್ಲಿಯೇ ಪ್ರದರ್ಶಿಸುವಂತೆ ಸಾರಿಗೆ ಸಚಿವಾಲಯ ಕಡ್ಡಾಯಗೊಳಿಸಬೇಕು.

— ಓದುಗ, ಬೆಂಗಳೂರು