‘ಸರ್ವರ್ ಡೌನ್’ ಎನ್ನುವ ಮುನ್ನ ದಾರಿಯನ್ನೊಮ್ಮೆ ನೋಡಿ

ಮಾನ್ಯ ಸಂಪಾದಕರೇ,

ಪಹಣಿ ಬೇಕೆಂದರೂ, ಸಾಲದ ಕಂತು ಕಟ್ಟಬೇಕೆಂದರೂ ‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ’ ಎಂಬ ಉತ್ತರ ನಮ್ಮ ಜಿಲ್ಲೆಯ ಜನರಿಗೆ ರೂಢಿಯಾಗಿಬಿಟ್ಟಿದೆ. ಸರ್ವರ್ ನಿರ್ವಹಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಾನು ಕಂಡಂತೆ, ಈ ಉತ್ತರ ಎಷ್ಟೋ ಸಲ ನಿಜವಾಗಿರುವುದಿಲ್ಲ. ಸರ್ವರ್ ನಡೆಯುತ್ತಲೇ ಇರುತ್ತದೆ, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಿರುತ್ತದೆ. ಆದರೆ ಆ ಉತ್ತರ ಬೇರೆ ದಾರಿ ಹಿಡಿದು ಕೇಳಿದವರಿಗೆ ತಲುಪದೇ ಹೋಗಿರುತ್ತದೆ. ತಂತ್ರಾಂಶಗಳನ್ನು ಕಂಟೈನರ್‌ಗಳಲ್ಲಿ, ಅಂದರೆ ಒಂದೇ ಯಂತ್ರದೊಳಗಿನ ಪ್ರತ್ಯೇಕ ಕೋಣೆಗಳಂಥ ವ್ಯವಸ್ಥೆಯಲ್ಲಿ, ಇಟ್ಟು ನಡೆಸುವ ಪದ್ಧತಿ ಬಂದ ಮೇಲೆ ಇಂಥ ದೋಷಗಳಿಗೆ ಎಡೆ ಹೆಚ್ಚಾಗಿದೆ. ಅವುಗಳನ್ನು ಹುಡುಕುವ ಕ್ರಮ ಮಾತ್ರ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

2013ರಲ್ಲಿ ಕಂಟೈನರ್‌ಗಳನ್ನು ನಡೆಸುವ ಡಾಕರ್ ಎಂಬ ತಂತ್ರಾಂಶ ಬಿಡುಗಡೆಯಾದ ಮೇಲೆ ಒಂದೇ ಯಂತ್ರದಲ್ಲಿ ಹಲವು ತಂತ್ರಾಂಶಗಳನ್ನು ಒಂದಕ್ಕೊಂದು ತಾಗದಂತೆ ನಡೆಸುವುದು ಬಹಳ ಸುಲಭವಾಯಿತು. ಪ್ರತಿ ಕಂಟೈನರ್‌ಗೂ ಯಂತ್ರದ ಒಳಗೇ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಸಿಗುತ್ತದೆ. ನಾವು ಬೇರೆ ಏನನ್ನೂ ಹೇಳದಿದ್ದರೆ ಡಾಕರ್ ಮೊದಲು 172.17.0.0/16 (172.17 ಎಂದು ಶುರುವಾಗುವ ಎಲ್ಲ ವಿಳಾಸಗಳು) ಎಂಬ ವಿಳಾಸ ಶ್ರೇಣಿಯನ್ನು ತೆಗೆದುಕೊಳ್ಳುತ್ತದೆ. ಮುಂದೆ ಹೊಸ ನೆಟ್‌ವರ್ಕ್ ಮಾಡಿದಾಗಲೆಲ್ಲ 172.18, 172.19 ಎಂದು ಮುಂದುವರಿಯುತ್ತದೆ. ಈ ವಿಳಾಸಗಳು 1996ರಲ್ಲಿ ಖಾಸಗಿ ಬಳಕೆಗೆಂದೇ ನಿಗದಿಯಾದ ಶ್ರೇಣಿಗೆ ಸೇರಿದವು. ಯಾರ ಅನುಮತಿಯೂ ಇಲ್ಲದೆ ಯಾರು ಬೇಕಾದರೂ ಬಳಸಬಹುದಾದ್ದರಿಂದ, ನಮ್ಮ ಕಚೇರಿಗಳೂ ಹಿಂದೆಯೇ ಅವುಗಳನ್ನು ತಮ್ಮ ಕಂಪ್ಯೂಟರ್‌ಗಳಿಗೆ ಹಂಚಿಕೊಂಡಿರುತ್ತವೆ. ತೊಂದರೆ ಹುಟ್ಟುವುದು ಇಲ್ಲಿಯೇ.

ಜಿಲ್ಲೆಯ ಒಂದು ಸಂಸ್ಥೆಯಲ್ಲಿ ನಾನೇ ನೋಡಿದ ಪ್ರಕರಣವೊಂದನ್ನು ಹೇಳುತ್ತೇನೆ. ಸರ್ವರ್ ತುಮಕೂರಿನಲ್ಲಿತ್ತು. ತಿಪಟೂರು, ಶಿರಾ ಶಾಖೆಗಳಲ್ಲಿ ತಂತ್ರಾಂಶ ಸರಾಗವಾಗಿ ತೆರೆದುಕೊಳ್ಳುತ್ತಿತ್ತು. ಪಾವಗಡದಲ್ಲಿ ಮಾತ್ರ ಇಲ್ಲ. ಸರ್ವರ್‌ನಿಂದ ಪಾವಗಡದ ಕಂಪ್ಯೂಟರ್‌ಗೆ ಪಿಂಗ್ ಮಾಡಿದರೆ, ಅಂದರೆ ತಲುಪುತ್ತದೆಯೇ ಎಂದು ನೋಡಲು ಪರೀಕ್ಷಾ ಸಂದೇಶ ಕಳುಹಿಸಿದರೆ, ‘ತಲುಪಲಾಗುತ್ತಿಲ್ಲ’ ಎಂಬ ಸಂದೇಶ ಬರುತ್ತಿತ್ತು. ಅದನ್ನು ನೋಡಿದವರು ಲೈನ್ ಕೆಟ್ಟಿದೆ ಎಂದು ತೀರ್ಮಾನಿಸಿ ಅಲ್ಲಿನ ರೂಟರ್ ಬದಲಿಸಿದರು, ಸರ್ವರನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿದರು. ಆದರೆ ಆ ಸಂದೇಶ ಬಂದದ್ದು 172.18.0.1 ಎಂಬ ವಿಳಾಸದಿಂದ, ಅಂದರೆ ಸರ್ವರ್‌ನ ಹೊಟ್ಟೆಯೊಳಗಿಂದಲೇ. ಹೋಗಿಬರುವ ಮಾಹಿತಿಯನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಸರ್ವರ್‌ನ ಹೊರಗಿನ ಇಂಟರ್‌ಫೇಸನ್ನು (ಹೊರ ಜಾಲಕ್ಕೆ ತೆರೆಯುವ ಬಾಗಿಲನ್ನು) ಗಮನಿಸಿದಾಗ ಪಾವಗಡದ ಕೋರಿಕೆಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು, ಉತ್ತರ ಮಾತ್ರ ಒಂದೂ ಹೊರಗೆ ಹೋಗುತ್ತಿರಲಿಲ್ಲ. ಯಾವ ದಾರಿ ಹಿಡಿಯುತ್ತದೆಂದು ತಿಳಿಸುವ ‘ಐಪಿ ರೂಟ್ ಗೆಟ್’ ಆಜ್ಞೆಗೆ ಆ ಶಾಖೆಯ ವಿಳಾಸ ಕೊಟ್ಟು ಕೇಳಿದರೆ, ಸರ್ವರ್ ‘ಬಿಆರ್’ ಎಂದು ಶುರುವಾಗುವ ಒಂದು ಬ್ರಿಡ್ಜ್‌ನ (ಕಂಟೈನರ್‌ಗಳನ್ನು ಜೋಡಿಸುವ ಒಳಗಿನ ಸೇತುವೆಯ) ಹೆಸರು ತೋರಿಸಿತು. ಅದಕ್ಕೆ ಸ್ವಲ್ಪ ಮೊದಲು ಹೊಸದೊಂದು ತಂತ್ರಾಂಶವನ್ನು ಅಲ್ಲಿ ಅಳವಡಿಸಲಾಗಿತ್ತು. ಅದಕ್ಕಾಗಿ ಡಾಕರ್ ತಾನಾಗಿ 172.18.0.0/16 ಶ್ರೇಣಿಯನ್ನು ಆರಿಸಿಕೊಂಡಿತ್ತು. ಪಾವಗಡ ಶಾಖೆಯ ಕಂಪ್ಯೂಟರ್‌ಗಳು ಬಹಳ ಕಾಲದಿಂದ ಅದೇ ಶ್ರೇಣಿಯಲ್ಲಿದ್ದವು.

ನಮ್ಮ ಜಿಲ್ಲೆಯಲ್ಲಿ ಗೊಲ್ಲರಹಟ್ಟಿ ಎಂಬ ಹೆಸರಿನ ಊರುಗಳು ಹಲವಿವೆ. ತಾಲ್ಲೂಕು, ಪಿನ್‌ಕೋಡ್ ನೋಡದೆ ಅಂಚೆಯವರು ಪಕ್ಕದ ಗೊಲ್ಲರಹಟ್ಟಿಗೇ ಕಾಗದ ಕೊಡಲು ಹೋದರೆ ಆಗುವುದೇ ಇಲ್ಲಿ ಆಗಿತ್ತು. ಹೆಚ್ಚು ನಿರ್ದಿಷ್ಟವಾದ ದಾರಿಗೆ ಮೊದಲ ಮನ್ನಣೆ ಎಂಬುದು ರೂಟಿಂಗ್‌ನ, ಅಂದರೆ ದಾರಿ ಆರಿಸುವ ಕ್ರಮದ, ಮೂಲ ನಿಯಮ. ಆದ್ದರಿಂದ ಒಳಗಿನ ಬ್ರಿಡ್ಜ್‌ನ ದಾರಿ ಇರುವಾಗ ಸರ್ವರ್ ಹೊರಗಿನ ಸಾಮಾನ್ಯ ದಾರಿಯತ್ತ ತಿರುಗಿಯೂ ನೋಡುವುದಿಲ್ಲ. ಡಾಕರ್‌ನ ‘ಡೀಮನ್ ಜೇಸನ್’ ಎಂಬ ಸೆಟ್ಟಿಂಗ್ಸ್ ಕಡತದಲ್ಲಿ ಯಾವ ಶ್ರೇಣಿಗಳನ್ನು ಬಳಸಬೇಕೆಂದು ಬರೆದಿಟ್ಟರೆ ಮುಂದೆ ಈ ಘರ್ಷಣೆ ಆಗುವುದಿಲ್ಲ. ಈಗಾಗಲೇ ಹುಟ್ಟಿರುವ ನೆಟ್‌ವರ್ಕ್ ಮಾತ್ರ ಅದರಿಂದ ಬದಲಾಗುವುದಿಲ್ಲ, ಅದನ್ನು ಅಳಿಸಿ ಮತ್ತೆ ಮಾಡಲೇಬೇಕು. ಇಷ್ಟು ಸಣ್ಣ ಕೆಲಸ ಆಗದಿದ್ದ ಕಾರಣಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಪಾವಗಡದಿಂದ ಜನ ಬಸ್ಸು ಹಿಡಿದು ತುಮಕೂರಿಗೆ ಬರಬೇಕಾಯಿತು ಎಂಬುದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಇನ್ನೊಂದು ಬಗೆಯ ದೋಷ ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಲಾಗಿನ್ ಪುಟ ತೆರೆಯುತ್ತದೆ, ಹೆಸರು ಮತ್ತು ಪಾಸ್‌ವರ್ಡ್ ಒಪ್ಪಿಗೆಯಾಗುತ್ತದೆ, ಆದರೆ ದಾಖಲೆಯೊಂದನ್ನು ಅಪ್‌ಲೋಡ್ ಮಾಡಲು ಹೋದರೆ ಪರದೆ ಸುತ್ತುತ್ತಲೇ ಉಳಿಯುತ್ತದೆ. ಹಲವು ಯಂತ್ರಗಳಲ್ಲಿರುವ ಕಂಟೈನರ್‌ಗಳನ್ನು ವಿಎಕ್ಸ್‌ಲ್ಯಾನ್ ಎಂಬ ಜೋಡಣೆ ವಿಧಾನದ ಮೂಲಕ ಜೋಡಿಸಿದಾಗ ಪ್ರತಿ ಪ್ಯಾಕೆಟ್‌ಗೆ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕಿಗೆ) 50 ಬೈಟ್‌ಗಳ ಹೊದಿಕೆ ಸೇರುತ್ತದೆ. ಹೊರಗಿನ ಮಿತಿ 1500 ಬೈಟ್ ಆಗಿದ್ದರೆ ಒಳಗಿನ ಮಿತಿಯನ್ನು 1450ಕ್ಕೆ ಇಳಿಸಬೇಕು. ಇಳಿಸದಿದ್ದರೆ ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ನಡುವೆಯೇ ಬಿದ್ದುಹೋಗುತ್ತವೆ. ಪ್ಯಾಕೆಟ್ ದೊಡ್ಡದಾಯಿತು ಎಂದು ತಿಳಿಸುವ ಐಸಿಎಂಪಿ ಸಂದೇಶಗಳನ್ನು ಭದ್ರತೆಯ ಹೆಸರಿನಲ್ಲಿ ಫೈರ್‌ವಾಲ್ ಪೂರ್ತಿ ತಡೆದಿದ್ದರಂತೂ ಕಳುಹಿಸಿದ ಯಂತ್ರಕ್ಕೆ ವಿಷಯವೇ ಗೊತ್ತಾಗುವುದಿಲ್ಲ. ಪ್ಯಾಕೆಟನ್ನು ತುಂಡು ಮಾಡಬಾರದು ಎಂಬ ಸೂಚನೆಯೊಂದಿಗೆ ಬೇರೆ ಬೇರೆ ಗಾತ್ರದ ಪಿಂಗ್ ಕಳುಹಿಸಿದರೆ ಎಲ್ಲಿಗೆ ನಿಲ್ಲುತ್ತದೆ ಎಂಬುದು ಕೂಡಲೇ ತಿಳಿಯುತ್ತದೆ.

ಏನೂ ತೋಚದಾಗ ‘ಫೈರ್‌ವಾಲ್ ತೆಗೆದುಬಿಡಿ’ ಎನ್ನುವ ಸಲಹೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಲಿನಕ್ಸ್‌ನ ಫೈರ್‌ವಾಲ್ ಸಾಧನವಾದ ಐಪಿಟೇಬಲ್ಸ್‌ನ ನಿಯಮಗಳನ್ನೆಲ್ಲ ಒಮ್ಮೆಗೇ ಅಳಿಸಿದರೆ ಕಂಟೈನರ್‌ಗಳಿಗಾಗಿ ಡಾಕರ್ ಬರೆದ ನಿಯಮಗಳೂ ಅಳಿಸಿಹೋಗಿ, ಇದ್ದ ಸಂಪರ್ಕವೂ ಕಡಿದುಹೋಗುತ್ತದೆ. ನಮ್ಮದೇ ನಿಯಮಗಳನ್ನು ಸೇರಿಸಲು ‘ಡಾಕರ್ ಯೂಸರ್’ ಎಂಬ ಪ್ರತ್ಯೇಕ ನಿಯಮ ಸರಪಳಿ ಇದೆ, ಅದನ್ನೇ ಬಳಸಬೇಕು. ಕಂಟೈನರ್‌ನಿಂದ ಹೊರಕ್ಕೆ ತೆರೆದ ಪೋರ್ಟ್‌ಗಳನ್ನು ಯುಎಫ್‌ಡಬ್ಲ್ಯೂ ಎಂಬ ಸರಳ ಫೈರ್‌ವಾಲ್ ಸಾಧನದ ನಿಯಮಗಳು ತಡೆಯುವುದಿಲ್ಲ ಎಂಬುದೂ ನೆನಪಿರಲಿ.

ಸಹಕಾರ ಸಂಘಗಳು, ಸ್ಥಳೀಯ ಸಂಸ್ಥೆಗಳು, ಕಾಲೇಜುಗಳು ತಂತ್ರಾಂಶ ಕೊಳ್ಳುವ ಮೊದಲು ಯಾವ ಶಾಖೆಯಲ್ಲಿ ಯಾವ ವಿಳಾಸ ಶ್ರೇಣಿ ಇದೆ ಎಂಬ ಪಟ್ಟಿಯೊಂದನ್ನು ಸಿದ್ಧಪಡಿಸಿ, ಟೆಂಡರ್ ಪತ್ರದ ಜೊತೆಗೇ ಲಗತ್ತಿಸಬೇಕು. ಅದರೊಂದಿಗೆ ಘರ್ಷಿಸದ ಶ್ರೇಣಿಯನ್ನು ಆರಿಸುವ ಹೊಣೆ ಅಳವಡಿಸುವವರದ್ದೆಂದು ಷರತ್ತು ಹಾಕಬೇಕು. ದೋಷ ಕಂಡಾಗ ರೀಸ್ಟಾರ್ಟ್ ಮಾಡುವ ಮುನ್ನ ರೂಟಿಂಗ್ ಪಟ್ಟಿಯನ್ನೂ, ಕೆಲವು ನಿಮಿಷಗಳ ಟಿಸಿಪಿಡಂಪ್ ದಾಖಲೆಯನ್ನೂ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಆ ಹೊತ್ತಿನ ಸಾಕ್ಷ್ಯ ಕೈತಪ್ಪುತ್ತದೆ.

ಜಿಲ್ಲೆಯ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಅಧ್ಯಾಪಕರಲ್ಲಿಯೂ ಒಂದು ಕೋರಿಕೆ ಇದೆ. ಸಬ್‌ನೆಟ್ (ವಿಳಾಸ ಶ್ರೇಣಿ) ಲೆಕ್ಕವನ್ನು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಮಾಡುತ್ತಾರೆ. ಒಂದು ಲಿನಕ್ಸ್ ಯಂತ್ರದಲ್ಲಿ ಬೇಕೆಂದೇ ಇಂಥ ಘರ್ಷಣೆ ಉಂಟುಮಾಡಿ, ಪ್ಯಾಕೆಟ್ ಎಲ್ಲಿ ಕಾಣೆಯಾಯಿತೆಂದು ಅವರಿಂದಲೇ ಹುಡುಕಿಸಬೇಕು. ಇದಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಉಚಿತವಾಗಿ ದೊರೆಯುತ್ತವೆ, ಪ್ರಯೋಗಾಲಯದ ಹಳೆಯ ಕಂಪ್ಯೂಟರ್ ಸಾಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಸರ್ವರ್ ನಿರ್ವಾಹಕ, ತುಮಕೂರು