ಗ್ವಾಯೂಲೆ ಆಪತ್ಕಾಲಕ್ಕೆ ಮಾತ್ರ ನೆನಪಾಗದಿರಲಿ

ಮಾನ್ಯ ಸಂಪಾದಕರೇ,

ಬರ ತಾಳುವ ಬೆಳೆಗಳ ಮಾತು ಬಂದಾಗಲೆಲ್ಲ ಆಹಾರಧಾನ್ಯಗಳೇ ಚರ್ಚೆಯಾಗುತ್ತವೆ. ರಬ್ಬರ್ ಕೊಡುವ ಗ್ವಾಯೂಲೆ ಎಂಬ ಬಹುವಾರ್ಷಿಕ ಪೊದೆಯ ಕಡೆಗೂ ಓದುಗರ ಗಮನ ಹರಿಯಲೆಂದು ಈ ಪತ್ರ ಬರೆಯುತ್ತಿದ್ದೇನೆ. ಉತ್ತರ ಮೆಕ್ಸಿಕೊದಿಂದ ಅಮೆರಿಕದ ಟೆಕ್ಸಾಸ್‌ವರೆಗೆ ಹರಡಿರುವ ಚಿವಾವಾ ಮರುಭೂಮಿ ಇದರ ತವರು. ಎಲೆಗಳನ್ನು ಒತ್ತಾಗಿ ಹೊದ್ದ ಸೂಕ್ಷ್ಮ ರೋಮಗಳಿಂದಾಗಿ ಇಡೀ ಗಿಡ ಬೆಳ್ಳಿಯ ಬಣ್ಣಕ್ಕೆ ಕಾಣುತ್ತದೆ. ಇದರ ಶಾಸ್ತ್ರೀಯ ಹೆಸರು ಪಾರ್ಥೇನಿಯಂ ಅರ್ಜೆಂಟೇಟಂ. ಹೆಸರು ಕೇಳಿ ಗಾಬರಿಪಡಬೇಕಿಲ್ಲ. ಕಾಂಗ್ರೆಸ್ ಕಳೆ ಇದೇ ಕುಲಕ್ಕೆ ಸೇರಿದ್ದರೂ ಅದರ ಪ್ರಭೇದವೇ ಬೇರೆ.

ರಬ್ಬರ್ ಮರದ ತೊಗಟೆ ಕೆತ್ತಿದರೆ ಹಾಲು ಒಸರುತ್ತದೆ. ಗ್ವಾಯೂಲೆಯಲ್ಲಿ ಹಾಗಲ್ಲ, ರಬ್ಬರ್ ಕಾಂಡ ಮತ್ತು ಬೇರುಗಳ ತೊಗಟೆಯ ಜೀವಕೋಶಗಳೊಳಗೇ ಸಂಗ್ರಹವಾಗಿರುವುದರಿಂದ ಗಿಡವನ್ನು ಕತ್ತರಿಸಿ, ಅರೆದು ತೆಗೆಯಬೇಕು. ನೆಟ್ಟು ಸುಮಾರು ಎರಡು ವರ್ಷಕ್ಕೆ ಮೊದಲ ಕಟಾವು ಮಾಡಬಹುದು. ಉಳಿದ ಬುಡ ಮತ್ತೆ ಚಿಗುರುತ್ತದೆ. ರಬ್ಬರ್ ಮರದ ಹಾಲಿನಲ್ಲಿ ಅಲರ್ಜಿ ಉಂಟುಮಾಡುವ ಪ್ರೋಟೀನುಗಳು ಇದರಲ್ಲಿಲ್ಲವಾದ್ದರಿಂದ ವೈದ್ಯಕೀಯ ಕೈಗವಸುಗಳಿಗೆ ಇದು ಬಹಳ ಯೋಗ್ಯ. ಜತೆಗೆ ದೊರೆಯುವ ರಾಳವನ್ನು ಅಂಟು ತಯಾರಿಕೆಗೆ ಬಳಸಬಹುದು.

ಇಷ್ಟು ಗುಣಗಳಿರುವ ಗಿಡವನ್ನು ಜಗತ್ತು ನಡೆಸಿಕೊಂಡ ರೀತಿ ಮಾತ್ರ ನೋವು ತರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು ಜಪಾನಿನ ವಶವಾದಾಗ, 1942ರಲ್ಲಿ ಅಮೆರಿಕ ಸರ್ಕಾರ ತುರ್ತು ಯೋಜನೆಯಡಿ ಸಾವಿರಾರು ಎಕರೆಯಲ್ಲಿ ಗ್ವಾಯೂಲೆ ಬೆಳೆಸಿತು. ಅದೇ ಸರ್ಕಾರ ಕ್ಯಾಲಿಫೋರ್ನಿಯಾದ ಮಂಜನಾರ್ ಶಿಬಿರದಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದ ವಿಜ್ಞಾನಿಗಳೂ ತೋಟಗಾರರೂ ಬಂಧನದಲ್ಲಿದ್ದುಕೊಂಡೇ ಈ ಗಿಡದ ಸಂಶೋಧನೆ ನಡೆಸಿದರು. ಅವರ ದುಡಿಮೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲವೆಂದೇ ನನ್ನ ಭಾವನೆ. ಯುದ್ಧ ಮುಗಿದು ಕೃತಕ ರಬ್ಬರ್ ಧಾರಾಳವಾಗಿ ದೊರೆಯತೊಡಗಿದ್ದೇ, ನಿಂತ ಬೆಳೆಯನ್ನೇ ನಾಶಮಾಡಲಾಯಿತು.

ನೈಸರ್ಗಿಕ ರಬ್ಬರಿಗೆ ಇಂದಿಗೂ ಜಗತ್ತು ಬಹುಪಾಲು ಒಂದೇ ಜಾತಿಯ ಮರವನ್ನು ನೆಚ್ಚಿಕೊಂಡಿದೆ. ಆ ಮರದ ತವರಾದ ದಕ್ಷಿಣ ಅಮೆರಿಕದಲ್ಲಿ ಎಲೆ ಅಂಗಮಾರಿ ರೋಗ ದೊಡ್ಡ ತೋಟಗಳನ್ನೇ ಹಾಳುಗೆಡವಿದೆ. ಗ್ವಾಯೂಲೆಯಿಂದ ಟೈರ್ ತಯಾರಿಸಬಹುದೆಂದು ಬ್ರಿಜ್‌ಸ್ಟೋನ್ ಕಂಪನಿ 2015ರಲ್ಲಿ ತೋರಿಸಿಕೊಟ್ಟಿತು. ಉಳಿದಿರುವುದು ಇಳುವರಿ ಮತ್ತು ಬೆಲೆಯ ಪ್ರಶ್ನೆ. ಬಹುವಾರ್ಷಿಕ ಗಿಡದ ತಳಿ ಸುಧಾರಣೆಗೆ ದಶಕಗಳೇ ಬೇಕಾಗುವುದರಿಂದ, ರಬ್ಬರ್ ಬೆಲೆ ಇಳಿದ ವರ್ಷವೂ ಈ ಸಂಶೋಧನೆಗೆ ಸಾರ್ವಜನಿಕ ಹಣ ನಿಲ್ಲಬಾರದು.

– ಓರ್ವ ಓದುಗ